ಹಳೇ ಕಟ್ಟಡದಲ್ಲಿ ಊರಿನ ರಂಗಮಂದಿರ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಕರ್ನಾಟಕದ ಹಳೇ ಪೇಟೆಗಳಲ್ಲಿ ಬೀಗ ಬಿದ್ದ ದೊಡ್ಡ ಕಟ್ಟಡಗಳಿಗೆ ಬರವಿಲ್ಲ. ಹಳೇ ಕಚೇರಿ, ಛತ್ರ, ಹತ್ತಿ ಜಿನ್ನು, ಅಕ್ಕಿ ಗಿರಣಿ, ಹೆಂಚಿನ ಕಾರ್ಖಾನೆ, ಮುಚ್ಚಿಹೋದ ಟಾಕೀಸು, ಹೀಗೆ ಏನೋ ಒಂದು ಇರುತ್ತದೆ. ಅದೇ ಊರಿನಲ್ಲಿ ಒಂದು ನಾಟಕದ ತಂಡವೂ ಇರುತ್ತದೆ. ತಾಲೀಮಿಗೆ ಶಾಲೆಯ ವರಾಂಡ, ಪ್ರದರ್ಶನಕ್ಕೆ ಕಲ್ಯಾಣ ಮಂಟಪ. ಮದುವೆ ಸೀಸನ್ ಬಂದರೆ ಅದೂ ಇಲ್ಲ. ಈ ಎರಡನ್ನೂ ಒಂದುಗೂಡಿಸುವುದು ಹೇಗೆ ಅನ್ನುವುದೇ ಈ ಬರಹ.

ಸಣ್ಣ ಊರಿಗೆ ರಂಗಮಂದಿರ ಯಾಕೆ ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡು ತೋರಿಸಿ. 1949ರಲ್ಲಿ ಶುರುವಾದ ನೀನಾಸಂ ನಾಟಕ ಸಂಸ್ಥೆ 1972ರಲ್ಲಿ ಅದೇ ಹಳ್ಳಿಯಲ್ಲಿ ಶಿವರಾಮ ಕಾರಂತ ರಂಗಮಂದಿರ ಕಟ್ಟಿತು. ಅದು ಹೊಸ ಕಟ್ಟಡ, ನಿಜ. ಆದರೆ ನೋಡುವ ಜನ ಊರಿನ ಗಾತ್ರಕ್ಕೆ ಕಟ್ಟುಬಿದ್ದವರಲ್ಲ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಹಳೇ ಕಟ್ಟಡ ಮತ್ತೆ ತೆರೆದದ್ದಕ್ಕೆ ಮುಂಬಯಿಯ ರಾಯಲ್ ಒಪೆರಾ ಹೌಸ್ ಇದೆ. 1993ರಲ್ಲಿ ಮುಚ್ಚಿದ್ದು ದೊಡ್ಡ ದುರಸ್ತಿಯಾಗಿ 2016ರಲ್ಲಿ ಮತ್ತೆ ಬಾಗಿಲು ತೆರೆಯಿತು. ನಮ್ಮ ಕೆಲಸ ಅಷ್ಟು ದೊಡ್ಡದಲ್ಲ. ಆದರೂ ವರ್ಷಗಳ ಲೆಕ್ಕದಲ್ಲೇ ಯೋಚಿಸಿ.

ನಾನು ಎಲ್ಲ ಹಂತದಲ್ಲೂ ಹಿಡಿದು ನಿಲ್ಲುವ ಮಾತು ಒಂದೇ. ನಾಟಕಕ್ಕಾಗಿ ಹೊಸದಾಗಿ ತರುವ ಯಾವುದೂ ಹಳೇ ಗೋಡೆ, ಹಳೇ ತೊಲೆಯ ಮೇಲೆ ಭಾರ ಹಾಕಬಾರದು. ವೇದಿಕೆ, ದೀಪದ ಚೌಕಟ್ಟು, ಕುರ್ಚಿಯ ಸಾಲು ಎಲ್ಲವೂ ತಮ್ಮ ಕಾಲ ಮೇಲೆ ತಾವೇ ನಿಲ್ಲಬೇಕು. ಬೋಲ್ಟ್ ಬಿಚ್ಚಿದರೆ ಹೊರಗೆ ಬರಬೇಕು.

ಯಾವ ಕಟ್ಟಡ ಯಾವುದಕ್ಕೆ ಒಗ್ಗುತ್ತದೆ

ಗೋದಾಮು, ಗಿರಣಿಗಳು ಎಲ್ಲಕ್ಕಿಂತ ಸುಲಭ. ಎತ್ತರ ಇರುತ್ತದೆ, ನಡುವೆ ಕಂಬ ಕಡಿಮೆ, ಕಿಟಕಿಯೂ ಕಡಿಮೆ. ಹಾಗಾಗಿ ಕತ್ತಲು ಮಾಡುವುದು ಕಷ್ಟವಲ್ಲ. ಹಳೇ ಟಾಕೀಸಿನಲ್ಲಿ ನೆಲ ಇಳಿಜಾರಾಗಿ ಇರುವುದು ದೊಡ್ಡ ಲಾಭ. ಆದರೆ ಪರದೆಯ ಹಿಂದೆ ಜಾಗವೇ ಇರುವುದಿಲ್ಲ. ಮುಂದಿನ ನಾಲ್ಕೈದು ಸಾಲು ತೆಗೆದು ವೇದಿಕೆಯನ್ನು ಮುಂದಕ್ಕೆ ತರಬೇಕಾಗುತ್ತದೆ.

ತೊಟ್ಟಿ ಮನೆ, ವಾಡೆ, ಛತ್ರಗಳಲ್ಲಿ ಕಂಬಗಳದ್ದೇ ತಕರಾರು. ಎಲ್ಲಿ ಕೂತರೂ ಒಂದು ಕಂಬ ಅಡ್ಡ ಬರುತ್ತದೆ. ದಯವಿಟ್ಟು ಕಂಬ ತೆಗೆಯುವ ಯೋಚನೆ ಮಾಡಬೇಡಿ. ತೊಟ್ಟಿಯನ್ನೇ ರಂಗ ಮಾಡಿ, ಸುತ್ತಲಿನ ಪಡಸಾಲೆಯಲ್ಲಿ ಜನ ಕೂರಲಿ. ಮೂರು ಕಡೆ ಪ್ರೇಕ್ಷಕರಿದ್ದು ಆಡುವುದು ನಮಗೆ ಹೊಸದೇನಲ್ಲ. ಯಕ್ಷಗಾನ ನಡೆದುಬಂದದ್ದೇ ಹಾಗೆ. ತಾಳಮದ್ದಲೆ, ಹರಿಕಥೆ, ಏಕವ್ಯಕ್ತಿ ನಾಟಕಗಳಿಗೆ ಇಂಥ ಜಾಗ ದೊಡ್ಡ ಸಭಾಂಗಣಕ್ಕಿಂತ ಎಷ್ಟೋ ಚೆನ್ನ.

ಗಾತ್ರದ ಬಗ್ಗೆ ಆಸೆ ಜಾಸ್ತಿ ಬೇಡ. ಮೈಕು ಇಲ್ಲದೆ ನಟನ ಮಾತು, ಮುಖದ ಭಾವ ಎರಡೂ ಕೊನೆಯ ಸಾಲಿಗೆ ತಲುಪಬೇಕಾದರೆ ಆ ಸಾಲು ವೇದಿಕೆಯಿಂದ 15 ಮೀಟರ್ ಒಳಗೇ ಇರಬೇಕು. 120ರಿಂದ 200 ಜನ ಕೂರುವ ಜಾಗ ಸಣ್ಣ ಊರಿಗೆ ಧಾರಾಳ ಸಾಕು. ಓಡಾಡುವ ದಾರಿ ಸೇರಿಸಿ ಒಬ್ಬರಿಗೆ ಸುಮಾರು 0.7 ಚದರ ಮೀಟರ್ ಹಿಡಿದು ಲೆಕ್ಕ ಹಾಕಿ ನೋಡಿ.

ಕಟ್ಟಡ ಯಾರದ್ದು? ಕಾಗದ ಏನು ಹೇಳುತ್ತದೆ?

ಈ ಹಂತದಲ್ಲಿ ಅವಸರ ಮಾಡಿದ ತಂಡಗಳು ಮುಂದೆ ತುಂಬಾ ನೋಯುತ್ತವೆ. ಪೇಟೆಯ ಹಳೇ ಕಟ್ಟಡ ಪುರಸಭೆಯದ್ದಿರಬಹುದು, ಕಂದಾಯ ಇಲಾಖೆಯದ್ದು, ಲೋಕೋಪಯೋಗಿಯದ್ದು, ಮುಜರಾಯಿಯದ್ದು, ಇಲ್ಲವೇ ಹತ್ತಾರು ವಾರಸುದಾರರಿರುವ ಮನೆತನದ್ದು. ಖಾತೆ, ಸರ್ವೆ ನಕ್ಷೆ, ಋಣಭಾರ ಪತ್ರ ಮೂರನ್ನೂ ಮೊದಲು ತೆಗೆಸಿ. ಬಾಯಿಮಾತಿನ ಒಪ್ಪಿಗೆಯ ಮೇಲೆ ಒಂದು ಹೆಂಚೂ ಬದಲಿಸಬೇಡಿ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಕನಿಷ್ಠ 15ರಿಂದ 30 ವರ್ಷದ ಗುತ್ತಿಗೆ ಕೇಳಿ. ನಿಮ್ಮ ದುಡ್ಡಲ್ಲಿ ದುರಸ್ತಿ ಮುಗಿದ ಮೇಲೆ ಬಾಡಿಗೆ ಏರಿಸಿ ಹೊರಗೆ ಕಳಿಸುವಂತೆ ಆಗಬಾರದು ಅಲ್ವಾ?

ಸರ್ಕಾರಿ ಕಟ್ಟಡವಾದರೆ ಯಾರೋ ಅದನ್ನು 'ಶಿಥಿಲ' ಎಂದು ಬರೆದಿಟ್ಟಿರುತ್ತಾರೆ. ಆ ಒಂದು ಪದಕ್ಕೆ ಹೆದರಬೇಡಿ. ಹಾಗಂತ ಅದನ್ನು ಕಡೆಗಣಿಸಲೂ ಬೇಡಿ. ಸುಣ್ಣದ ಗಾರೆ, ಕಲ್ಲು, ಮರದ ಕಟ್ಟಡಗಳನ್ನು ಬಲ್ಲ ಸಂರಕ್ಷಣಾ ಎಂಜಿನಿಯರ್ ಒಬ್ಬರಿಂದ ಎರಡನೇ ವರದಿ ಮಾಡಿಸಿ. ಕಾಂಕ್ರೀಟ್ ಕಟ್ಟಡದ ಕಣ್ಣಲ್ಲಿ ನೋಡಿದರೆ ಹಳೇ ಕಟ್ಟಡ ಯಾವಾಗಲೂ ಬಿದ್ದುಹೋಗುವಂತೆಯೇ ಕಾಣುತ್ತದೆ. ಇಂಥ ಎಂಜಿನಿಯರ್‌ಗಳನ್ನು, ವಾಸ್ತುಶಿಲ್ಪಿಗಳನ್ನು ಹುಡುಕಲು ಪರಂಪರೆಯ ಕಟ್ಟಡಗಳನ್ನು ಉಳಿಸಲು ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಹತ್ತಿರದ ಘಟಕವನ್ನು ಕೇಳುವುದು ಒಳ್ಳೆಯ ದಾರಿ. ಕಾಲೇಜುಗಳ ವಾಸ್ತುಶಿಲ್ಪ ವಿಭಾಗಗಳೂ ಅಳತೆಯ ನಕ್ಷೆ ಮಾಡಿಕೊಡಲು ಖುಷಿಯಿಂದ ಬರುತ್ತವೆ. ವಿದ್ಯಾರ್ಥಿಗಳಿಗೆ ಅದು ಪಾಠವೂ ಹೌದು.

ಶ್ರೀರಂಗಪಟ್ಟಣ, ಬಾದಾಮಿಯಂಥ ಊರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ. ಅಲ್ಲಿಂದಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಇದ್ದ ಕಟ್ಟಡದ ದುರಸ್ತಿಗೂ ಅನುಮತಿ ಬೇಕು. ನಿಮ್ಮ ಕಟ್ಟಡವೇ ರಾಜ್ಯದ ರಕ್ಷಿತ ಪಟ್ಟಿಯಲ್ಲಿದೆಯಾ ಎಂದು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. ಉಳಿದಂತೆ ಪುರಸಭೆಯ ಪರವಾನಗಿ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ, ಸಾರ್ವಜನಿಕ ಪ್ರದರ್ಶನಕ್ಕೆ ಪೊಲೀಸ್ ಪರವಾನಗಿ. ಇವನ್ನು ಕೊನೆಗೆ ನೋಡಿಕೊಳ್ಳೋಣ ಅನ್ನಬೇಡಿ. ಅಗ್ನಿಶಾಮಕದವರನ್ನು ನಕ್ಷೆ ಬರೆಯುವಾಗಲೇ ಕರೆದು ತೋರಿಸಿದರೆ ಬಾಗಿಲುಗಳನ್ನು ಎರಡು ಸಲ ಒಡೆಯುವುದು ತಪ್ಪುತ್ತದೆ.

ದುರಸ್ತಿಗೆ ಮುಂಚೆ ಒಂದು ಮಳೆಗಾಲ

ಕೈಗೆ ಕೀಲಿ ಬಂದ ದಿನವೇ ಸುಣ್ಣ ಬಳಿಯುವ ಹುರುಪು ಇರುತ್ತದೆ. ತಡೆದುಕೊಳ್ಳಿ. ಹಳೇ ಕಟ್ಟಡದ ಕಾಯಿಲೆ ಮಳೆಯಲ್ಲೇ ಗೊತ್ತಾಗುವುದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು 2012ರ ಆಗಸ್ಟ್‌ನಲ್ಲಿ. ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದು 2016ರ ಆಗಸ್ಟ್‌ನಲ್ಲಿ. ಎರಡೂ ಮಳೆಗಾಲದ ತಿಂಗಳು. ಹಾಗಾಗಿ ಎಂಜಿನಿಯರ್ ನೋಡುವ ತನಕ ಜನರನ್ನು ಒಳಗೆ ಸೇರಿಸಬೇಡಿ. ಅಪಾಯ ಕಂಡ ಕಡೆ ಮೊದಲು ಊರುಗೋಲು ಕೊಟ್ಟು ನಿಲ್ಲಿಸಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಇಬ್ಬರು ವಾರಕ್ಕೊಮ್ಮೆ ಹೋಗಿ ನೋಡಿ ಬರೆದಿಡಲಿ. ನೀರು ಎಲ್ಲಿ ಸೋರುತ್ತದೆ, ಗೋಡೆಯಲ್ಲಿ ತೇವ ಮೇಲಿಂದ ಇಳಿಯುತ್ತಿದೆಯೋ ಕೆಳಗಿಂದ ಏರುತ್ತಿದೆಯೋ, ಅಂಗಳದ ನೀರು ಎತ್ತ ಹರಿಯುತ್ತದೆ. ಗೋಡೆಯ ಬಿರುಕಿನ ಮೇಲೆ ಅಡ್ಡಲಾಗಿ ಒಂದು ಸಣ್ಣ ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಒಡೆಯದಿದ್ದರೆ ಅದು ಹಳೇ ಗಾಯ, ತುಂಬಿಸಿದರೆ ಸಾಕು. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಗೆದ್ದಲು, ಕೊಳೆತ ಎರಡೂ ಅಲ್ಲೇ ಮೊದಲು ಶುರುವಾಗುವುದು.

ಈ ತಿಂಗಳುಗಳಲ್ಲಿ ನಾಟಕದ ಕೆಲಸ ನಿಲ್ಲಬಾರದು. ಊರಿನ ಹಿರಿಯರನ್ನು ಕಟ್ಟಡದ ಮುಂದೆ ಕೂರಿಸಿ ಅವರ ನೆನಪುಗಳನ್ನು ರೆಕಾರ್ಡ್ ಮಾಡಿ. ಹಳೇ ಫೋಟೋ ಕೇಳಿ. ಜಿಲ್ಲಾ ಗೆಜೆಟಿಯರ್, ಪುರಸಭೆಯ ಹಳೇ ಕಡತ ನೋಡಿ. ಮಳೆ ನಿಂತ ಮೇಲೆ ಅಂಗಳ ಗುಡಿಸಿ, ನಾಲ್ಕು ದೀಪ ಕಟ್ಟಿ, ಹೊರಗೇ ಒಂದು ಪ್ರದರ್ಶನ ಮಾಡಿ. ಜನ ಕಟ್ಟಡವನ್ನು ಹೊಸ ಕಣ್ಣಿಂದ ನೋಡುವುದು ಆ ಸಂಜೆಯೇ. ಯಾರು ಕೈಜೋಡಿಸುತ್ತಾರೆ ಅನ್ನುವುದೂ ಆಗಲೇ ಗೊತ್ತಾಗುತ್ತದೆ.

ಮೊದಲು ಮಾಡು, ಅಂದರೆ ಚಾವಣಿ

ದುಡ್ಡು ಎಷ್ಟೇ ಕಡಿಮೆ ಇರಲಿ, ಮೊದಲ ರೂಪಾಯಿ ಮಾಡಿಗೆ ಹೋಗಬೇಕು. ಎರಡನೆಯದು ಕಟ್ಟಡದ ಸುತ್ತ ನೀರು ಹರಿದುಹೋಗುವ ಚರಂಡಿಗೆ. ಈ ಎರಡು ಸರಿಯಾದರೆ ಉಳಿದದ್ದು ಎರಡು ವರ್ಷ ಕಾದರೂ ಕಟ್ಟಡ ನಿಂತಿರುತ್ತದೆ.

ಕರಾವಳಿ, ಮಲೆನಾಡಿನ ಕಟ್ಟಡಗಳಲ್ಲಿ ಮಂಗಳೂರು ಹೆಂಚು ಸಾಮಾನ್ಯ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಅದು ಎಲ್ಲೆಡೆ ಹರಡಿತು. ಹೆಂಚು ಇಳಿಸುವಾಗ ತಳಭಾಗದ ಮುದ್ರೆ ನೋಡಿ. ಬೇರೆ ಬೇರೆ ಕಾರ್ಖಾನೆಯ ಹೆಂಚುಗಳ ಕೊಕ್ಕೆ ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ, ಸೋರುವುದು ಅಲ್ಲಿಂದಲೇ. ಒಂದೇ ಮುದ್ರೆಯವನ್ನು ಒಂದು ಇಳಿಜಾರಿಗೆ ಸೇರಿಸಿ. ಕಮ್ಮಿ ಬಿದ್ದದ್ದನ್ನು ಕೆಡವಿದ ಮನೆಗಳಿಂದ ಕೊಳ್ಳಿ. ಹೆಂಚು ಹೊರುವ ಮರದ ಪಕ್ಕಾಸು, ರೀಪುಗಳಲ್ಲಿ ಕೊಳೆತದ್ದನ್ನಷ್ಟೇ ಬದಲಿಸಿ. ತೊಲೆಯ ತುದಿ ಮಾತ್ರ ಹಾಳಾಗಿದ್ದರೆ ಆ ತುದಿಯನ್ನು ಕತ್ತರಿಸಿ ಅದೇ ಜಾತಿಯ ಮರ ಜೋಡಿಸುವ ಬಡಗಿಗಳು ಇನ್ನೂ ಇದ್ದಾರೆ. ಇಡೀ ತೊಲೆ ಎಸೆಯಬೇಡಿ. ಆ ಗುಣಮಟ್ಟದ ತೇಗ, ಹೊನ್ನೆ ಇವತ್ತು ದುಡ್ಡು ಕೊಟ್ಟರೂ ಸಿಗುವುದು ಕಷ್ಟ.

ಹೆಂಚಿನ ಬದಲು ತಗಡು ಹಾಕಿಬಿಡೋಣ ಎಂದು ಯಾರೋ ಹೇಳುತ್ತಾರೆ. ರಂಗಮಂದಿರಕ್ಕೆ ಅದು ಆಗಲೇ ಆಗದು. ಮಳೆ ಬಿದ್ದರೆ ಒಂದು ಮಾತೂ ಕೇಳಿಸುವುದಿಲ್ಲ. ಹೆಂಚಿನ ಕೆಳಗೆ ಚಪ್ಪಟೆ ಒಳಹೆಂಚಿನ ಇನ್ನೊಂದು ಪದರ ಹಾಕುವುದು ಹಳೇ ಪದ್ಧತಿ. ಶಬ್ದಕ್ಕೂ ಒಳ್ಳೆಯದು, ಸೆಕೆಗೂ ಒಳ್ಳೆಯದು. ಮಾಡಿನಲ್ಲಿ ಬಾವಲಿ ಇದ್ದರೆ ಮರಿ ಹಾಕುವ ಕಾಲ ಕಳೆದ ಮೇಲೆ, ಅವು ಹೊರಗೆ ಹೋದ ಹೊತ್ತಲ್ಲಿ ಕಂಡಿ ಮುಚ್ಚಿ.

ಬಯಲುಸೀಮೆ ಕಡೆ ಮದ್ರಾಸ್ ತಾರಸಿ ಜಾಸ್ತಿ. ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಸುಣ್ಣದ ಗಾರೆ ಬಡಿದು ಮಾಡಿದ್ದು. ಸೋರುತ್ತದೆ ಎಂದು ವರ್ಷಕ್ಕೊಂದು ಪದರ ಸಿಮೆಂಟ್ ಸುರಿದಿರುತ್ತಾರೆ. ಆ ಭಾರಕ್ಕೇ ಜಂತೆ ಬಗ್ಗಿರುತ್ತದೆ. ಸಿಮೆಂಟ್ ಪದರವನ್ನು ನಿಧಾನಕ್ಕೆ ತೆಗೆದು ಮತ್ತೆ ಸುಣ್ಣದ ಗಾರೆಯನ್ನೇ ಹಾಕಿಸಿ.

ಗೋಡೆಗೆ ಸುಣ್ಣ, ಸಿಮೆಂಟ್ ಅಲ್ಲ

ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹಳೇ ಗೋಡೆಯೊಳಗೆ ಸ್ವಲ್ಪ ತೇವ ಯಾವಾಗಲೂ ಇರುತ್ತದೆ. ಸುಣ್ಣದ ಗಿಲಾವು ಆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಗಿಲಾವು, ಎನಾಮಲ್ ಬಣ್ಣ ಅದನ್ನು ಒಳಗೇ ಕಟ್ಟಿಹಾಕುತ್ತವೆ. ಆಮೇಲೆ ಉಪ್ಪು ಹೊರಬರುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ, ಗೋಡೆಯೊಳಗಿನ ತೊಲೆಯ ತುದಿ ಕೊಳೆಯುತ್ತದೆ. ಹೊರಗಿಂದ ನೋಡಿದರೆ ಗೋಡೆ ಹೊಳೆಯುತ್ತಲೇ ಇರುತ್ತದೆ.

ಸುಣ್ಣವನ್ನು ನೀರಲ್ಲಿ ಅರಳಿಸಿ ವಾರಗಟ್ಟಲೆ ನೆನೆಸಿಡಿ, ಹೆಚ್ಚು ದಿನ ಇಟ್ಟಷ್ಟೂ ಒಳ್ಳೆಯದು. ಸಾಮಾನ್ಯವಾಗಿ 1 ಪಾಲು ಸುಣ್ಣಕ್ಕೆ ಸುಮಾರು 3 ಪಾಲು ಮರಳು. ತೇವ ಜಾಸ್ತಿ ಇರುವ ಕಡೆ ಮರಳಿನ ಒಂದು ಭಾಗದ ಬದಲು ಸುರ್ಕಿ, ಅಂದರೆ ಇಟ್ಟಿಗೆ ಪುಡಿ ಸೇರಿಸುತ್ತಾರೆ. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುವ ಪದ್ಧತಿಯೂ ಇದೆ. ನಿಮ್ಮ ಸೀಮೆಯ ಹಳೇ ಗಾರೆ ಕೆಲಸದವರು ಹೇಳುವ ಹದವನ್ನೇ ನಂಬಿ. ಆದರೆ ಮೊದಲು ಒಂದು ಮೂಲೆಯಲ್ಲಿ ಮೂರಡಿ ಚೌಕದ ಮಾದರಿ ಮಾಡಿಸಿ, ಒಣಗಿದ ಮೇಲೆ ನೋಡಿ. ಸುಣ್ಣ ಗಟ್ಟಿಯಾಗುವುದು ತಿಂಗಳುಗಟ್ಟಲೆ ನಡೆಯುವ ಕೆಲಸ. ಬಿರುಬೇಸಿಗೆಯಲ್ಲಿ ಮಾಡಿದರೆ ಬೇಗ ಒಣಗಿ ಬಿರುಕು ಬಿಡುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಆಗಲೂ ಒದ್ದೆ ಗೋಣಿಚೀಲ ಮುಚ್ಚಿಡಿ.

ಸುಣ್ಣದ ಕೆಲಸದವರು ಸಿಕ್ಕರೆ ಊರಿನ ನಾಲ್ಕು ಹುಡುಗರನ್ನು ಅವರ ಜೊತೆ ಕೂಲಿ ಕೊಟ್ಟೇ ಹಾಕಿ. ಮುಂದಿನ ದುರಸ್ತಿಗೆ ನಿಮ್ಮಲ್ಲೇ ಜನ ಇರುತ್ತಾರೆ.

ರಂಗ ಕಟ್ಟುವುದು

ಲೆಕ್ಕ ಇಲ್ಲಿ ಬಹಳ ಮುಖ್ಯ. ಭಾರತೀಯ ಮಾನಕದ ಪ್ರಕಾರ ಮನೆಯ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕೆಜಿ ಭಾರಕ್ಕೆ ಲೆಕ್ಕ. ವೇದಿಕೆಗೆ ಅದು 500 ಕೆಜಿ. ಸೀಟು ಕಟ್ಟಿರದ ಸಭಾಂಗಣಕ್ಕೂ 500. ಅಂದರೆ ಮನೆಗಾಗಿ ಕಟ್ಟಿದ ಅಟ್ಟದ ಮೇಲೆ ಪ್ರೇಕ್ಷಕರನ್ನು ಕೂರಿಸುವುದು ಸುಮ್ನೆ ಅಪಾಯ ತಂದುಕೊಂಡಂತೆ. ನೆಲಮಹಡಿಯಲ್ಲೇ ರಂಗ ಇರಲಿ. ಅಟ್ಟ ಬೇಕೇ ಬೇಕು ಅಂದರೆ ಎಂಜಿನಿಯರ್ ಬರೆದುಕೊಟ್ಟ ಮೇಲೆ, ಅವರು ಹೇಳಿದಷ್ಟೇ ಜನಕ್ಕೆ.

ವೇದಿಕೆಗೆ ಕಬ್ಬಿಣದ ಚೌಕಟ್ಟು, ಮೇಲೆ 18 ಮಿಲಿಮೀಟರಿನ ಪ್ಲೈವುಡ್ ಎರಡು ಪದರ. ಕೆಳಗಿನ ಅಡ್ಡಪಟ್ಟಿಗಳ ನಡುವೆ 40-45 ಸೆಂಟಿಮೀಟರಿಗಿಂತ ಹೆಚ್ಚು ಅಂತರ ಬೇಡ. ದೊಡ್ಡಾಟದ ಕುಣಿತ, ಯಕ್ಷಗಾನದ ಧಿಗಿಣ ತಡೆದುಕೊಳ್ಳಬೇಕಲ್ಲ. ಚೌಕಟ್ಟಿಗೂ ಹಲಗೆಗೂ ನಡುವೆ ರಬ್ಬರ್ ಪಟ್ಟಿ ಇಟ್ಟರೆ ಹೆಜ್ಜೆಯ ಸದ್ದು ಡಬ್ಬ ಬಡಿದಂತೆ ಕೇಳುವುದಿಲ್ಲ, ಗೆಜ್ಜೆ ಮಾತ್ರ ಚೆನ್ನಾಗಿ ಕೇಳುತ್ತದೆ. ಜಮಖಾನ ಹಾಸಿ ನೆಲದ ಮೇಲೆ ಕೂರುವವರಿಗೂ ಕಾಣಬೇಕಾದರೆ ವೇದಿಕೆ ತೀರಾ ಎತ್ತರ ಬೇಡ, 60 ಸೆಂಟಿಮೀಟರ್ ಸಾಕು. ಚೌಕಟ್ಟಿನ ಕಾಲುಗಳ ಕೆಳಗೆ ಅಗಲ ಹಲಗೆ ಇಡಿ. ಹಳೇ ಕಡಪ ಕಲ್ಲಿನ ಅಥವಾ ಗಾರೆ ನೆಲಕ್ಕೆ ಪೆಟ್ಟಾಗಬಾರದು.

ದೀಪಗಳನ್ನು ತೊಲೆಗೆ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಬಿಡಿ. ನೆಲದಿಂದಲೇ ಎದ್ದ ನಾಲ್ಕು ಕಂಬ, ಮೇಲೆ ಪೈಪಿನ ಜಾಲರಿ. ಇಷ್ಟಿದ್ದರೆ ದೀಪ, ಪರದೆ, ಸೈಡ್‌ವಿಂಗ್ ಎಲ್ಲ ಅದಕ್ಕೇ ತೂಗುತ್ತವೆ. ಎಲ್‌ಇಡಿ ದೀಪಗಳೇ ಇರಲಿ. ಒಂದು ಹಳೇ ಹ್ಯಾಲೊಜೆನ್ ದೀಪ 1,000 ವಾಟ್ ತಿನ್ನುತ್ತಿತ್ತು, ಜೊತೆಗೆ ಮರದ ಮಾಡಿನ ಕೆಳಗೆ ಅಷ್ಟು ಬಿಸಿ.

ಸೀನು ಬದಲಿಸಲು ಪರದೆಯನ್ನು ಮೇಲಕ್ಕೆ ಎಳೆದುಕೊಳ್ಳುವಷ್ಟು ಎತ್ತರ ಹಳೇ ಕಟ್ಟಡಗಳಲ್ಲಿ ಇರುವುದಿಲ್ಲ. ನಮ್ಮ ಕಂಪನಿ ನಾಟಕದವರು ಇದಕ್ಕೆ ಒಳ್ಳೆಯ ಉಪಾಯ ಮಾಡಿದ್ದರು. ಬಣ್ಣದ ಪರದೆಯನ್ನು ಕೆಳಗಿನಿಂದ ಗಳಕ್ಕೆ ಸುತ್ತಿಕೊಂಡು ಮೇಲೇರಿಸುವುದು. ಊರಿಂದೂರಿಗೆ ಹೋಗಿ ತಗಡಿನ ಥಿಯೇಟರ್ ಹಾಕಿ ಆಡುತ್ತಿದ್ದವರ ಜಾಣತನ ಅದು. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಕಂಪನಿಗಳು ಈಗಲೂ ಬರುತ್ತವೆ. ಅಲ್ಲಿನ ರಂಗಸಜ್ಜಿಕೆಯವರ ಹತ್ತಿರ ಒಂದು ದಿನ ಕೂತು ಕಲಿತು ಬನ್ನಿ.

ಬಣ್ಣದ ಕೋಣೆ, ಅದಕ್ಕೆ ಸೇರಿದ ಶೌಚಾಲಯ, ಹೆಣ್ಣುಮಕ್ಕಳಿಗೆ ಬೇರೆ ಚಿಲಕವಿರುವ ಕೋಣೆ. ಇವು ವೇದಿಕೆಯಷ್ಟೇ ಮುಖ್ಯ. ಮನೆಯವರು ಮಗಳನ್ನು ನಾಟಕಕ್ಕೆ ಕಳಿಸುತ್ತಾರೋ ಇಲ್ಲವೋ ಅನ್ನುವುದು ಎಷ್ಟೋ ಸಲ ಇದರ ಮೇಲೇ ನಿಂತಿರುತ್ತದೆ. ಶೌಚಾಲಯಗಳನ್ನು ಹಳೇ ಗೋಡೆಗೆ ಅಂಟಿಸದೆ ಸ್ವಲ್ಪ ದೂರದಲ್ಲಿ ಹೊಸದಾಗಿ ಕಟ್ಟಿ.

ಮಾತು ಕೇಳಿಸಬೇಕು

ಖಾಲಿ ಹಾಲಿನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಒಂದು ಸೆಕೆಂಡಿನ ಆಸುಪಾಸಲ್ಲಿ ಅಡಗಿದರೆ ಮಾತಿನ ನಾಟಕಕ್ಕೆ ಚೆನ್ನ. ಎರಡು ಮೂರು ಸೆಕೆಂಡು ಸುತ್ತುತ್ತಿದ್ದರೆ ಪದಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಸ್ಪೀಕರ್ ಏರಿಸಿದರೆ ಅದು ಇನ್ನೂ ಹೆಚ್ಚಾಗುತ್ತದೆ. ಹಿಂದಿನ ಗೋಡೆ, ಪಕ್ಕದ ಗೋಡೆಗಳ ಮುಂದೆ ಸದ್ದು ಹೀರುವ ಬಟ್ಟೆ ಇಳಿಬಿಡಬೇಕು.

ನನ್ನ ಸಲಹೆ, ಕುರಿ ಉಣ್ಣೆಯ ಕಂಬಳಿ. ಚಳ್ಳಕೆರೆ ಕಡೆಯ ನೇಕಾರರ ಕಂಬಳಿಗಳನ್ನು ಮರದ ಚೌಕಟ್ಟಿಗೆ ಬಿಗಿದು, ಗೋಡೆಯಿಂದ ಒಂದು ಗೇಣು ಮುಂದೆ ನಿಲ್ಲಿಸಿ. ಹಿಂದಿನ ಗಾಳಿಯ ಜಾಗ ಸದ್ದನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ, ಗೋಡೆಗೂ ಉಸಿರಾಡಲು ಬಿಡುತ್ತದೆ. ಉಣ್ಣೆಗೆ ಬೆಂಕಿ ಹತ್ತುವುದು ಹತ್ತಿಗಿಂತ ನಿಧಾನ. ಥರ್ಮೋಕೋಲ್, ಸ್ಪಂಜು ಅಂಟಿಸುವವರನ್ನು ಬಾಗಿಲಲ್ಲೇ ತಡೆಯಿರಿ.

ಬೆಂಕಿ, ಕರೆಂಟು, ಬಾಗಿಲು

1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಹೊಗೆ ತುಂಬಿದಾಗ ಹೊರಗೆ ಹೋಗಲು ದಾರಿ ಇರಲಿಲ್ಲ. ಪ್ರೇಕ್ಷಕರಿಗೆ ಕನಿಷ್ಠ ಎರಡು ಹೊರದಾರಿ, ಒಂದಕ್ಕೊಂದು ದೂರವಾಗಿ ಇರಲಿ. ಬಾಗಿಲು ಹೊರಗೆ ತೆರೆಯಬೇಕು. ಪ್ರದರ್ಶನದ ಹೊತ್ತು ಯಾವ ಬಾಗಿಲಿಗೂ ಬೀಗ ಇರಬಾರದು. ಹಳೇ ಕೆತ್ತನೆಯ ಬಾಗಿಲು ಒಳಗೆ ತೆರೆಯುವಂಥದ್ದಾದರೆ ಅದನ್ನು ಕೀಳಬೇಡಿ. ಪ್ರದರ್ಶನದ ವೇಳೆ ಪೂರ್ತಿ ತೆರೆದು ಕೊಕ್ಕೆ ಹಾಕಿ ನಿಲ್ಲಿಸಿ, ಹೊರಗೆ ಕಪ್ಪು ಪರದೆ ಬಿಡಿ.

ಹಳೇ ವೈರಿಂಗ್ ಒಂದು ತುಂಡೂ ಉಳಿಸಬೇಡಿ. ಹೊಸ ತಂತಿಯೆಲ್ಲ ಲೋಹದ ಪೈಪಿನೊಳಗೆ ಹೋಗಲಿ. ರಂಗದ ದೀಪಗಳಿಗೆ ಬೇರೆ ಪ್ಯಾನಲ್, ಸೋರಿಕೆ ಕಂಡರೆ ಕಡಿಯುವ ಸ್ವಿಚ್, ಒಳ್ಳೆಯ ಅರ್ಥಿಂಗ್. ಗಾಲಿಕುರ್ಚಿಗೆ 1:12ರ ಇಳಿಜಾರು ಬೇಕು. ಅಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ. ಇದನ್ನು ಪಕ್ಕದ ಬಾಗಿಲಿಗೆ ತಳ್ಳದೆ ಎಲ್ಲರೂ ಬರುವ ಮುಂಬಾಗಿಲಿಗೇ ಮಾಡಿ.

ದುಡ್ಡು

ಮೊದಲು ಟ್ರಸ್ಟ್ ಅಥವಾ ಸಂಘ ನೋಂದಾಯಿಸಿ. ಸಂಸ್ಥೆಯ ಆದಾಯಕ್ಕೂ ದಾನಿಗಳಿಗೂ ತೆರಿಗೆ ವಿನಾಯಿತಿ ಸಿಗುವ ನೋಂದಣಿಗಳನ್ನು ಆದಾಯ ತೆರಿಗೆ ಇಲಾಖೆಯಲ್ಲಿ ಮಾಡಿಸಿ. 2013ರ ಕಂಪನಿ ಕಾಯ್ದೆಯಲ್ಲಿ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಬಳಸಬಹುದಾದ ಪಟ್ಟಿಯಲ್ಲಿ ಐತಿಹಾಸಿಕ ಕಟ್ಟಡಗಳ ದುರಸ್ತಿ ಸ್ಪಷ್ಟವಾಗಿ ಇದೆ. ಆದರೆ ಪಡೆಯುವ ಸಂಸ್ಥೆಗೆ ಅಂಥ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು. ಅದಕ್ಕೇ ಇವತ್ತೇ ಶುರು ಮಾಡಿ ಅನ್ನುವುದು. ಕೇಂದ್ರ ಸಂಸ್ಕೃತಿ ಸಚಿವಾಲಯದಲ್ಲಿ ಸಣ್ಣ ರಂಗಮಂದಿರಗಳಿಗೆ ಕಟ್ಟಡ ಅನುದಾನದ ಯೋಜನೆ ಇದೆ. ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲೂ ವಿಚಾರಿಸಿ.

ಅಂದಾಜನ್ನು ಮಾಡು, ಗೋಡೆ, ಕರೆಂಟು, ರಂಗ ಎಂದು ಬೇರೆ ಬೇರೆ ಮಾಡಿ. 'ನಾನು ಇಷ್ಟು ಪಕ್ಕಾಸು ಕೊಡುತ್ತೇನೆ', 'ಈ ಕಿಟಕಿ ನಮ್ಮ ಮನೆಯದ್ದು' ಎಂದು ಜನ ಒಂದೊಂದನ್ನೇ ಹೊತ್ತುಕೊಳ್ಳಲು ಆಗ ಸುಲಭ. ಗೋಡೆ ಬಿಚ್ಚಿದಾಗ ಏನು ಕಾಣುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಒಟ್ಟು ಮೊತ್ತದ ಮೇಲೆ ಕನಿಷ್ಠ ಶೇ 20 ಮೀಸಲಿಡಿ. ಲೆಕ್ಕವನ್ನು ತಿಂಗಳಿಗೊಮ್ಮೆ ಕಟ್ಟಡದ ಬಾಗಿಲಿಗೇ ಅಂಟಿಸಿ.

ತೆರೆದ ಮೇಲೆ

ವರ್ಷಕ್ಕೊಂದು ನಾಟಕೋತ್ಸವ ಮಾಡಿ ಉಳಿದ ದಿನ ಬೀಗ ಹಾಕಿದರೆ ಗೆದ್ದಲು ವಾಪಸ್ ಬರುತ್ತದೆ. ವಾರಕ್ಕೆ ಎರಡು ದಿನವಾದರೂ ಒಳಗೆ ದೀಪ ಹತ್ತಬೇಕು. ತಾಲೀಮು, ಮಕ್ಕಳ ಬೇಸಿಗೆ ಶಿಬಿರ, ಸುಗಮ ಸಂಗೀತ, ಭಜನೆ, ಓದುವ ಬಳಗ, ಏನೇ ಇರಲಿ. ಊಟದ ಸಮಾರಂಭಗಳಿಗೆ ಮಾತ್ರ ಕೊಡಬೇಡಿ. ಒಮ್ಮೆ ಕೊಟ್ಟರೆ ಮುಂದಿನ ವರ್ಷ ನಾಟಕಕ್ಕೇ ತಾರೀಕು ಸಿಗದು. ಟಿಕೆಟ್ ಸಣ್ಣದಿರಲಿ, ಆದರೆ ಇರಲಿ.

ಪ್ರತಿ ಬಾಡಿಗೆಯಲ್ಲಿ ಒಂದು ಪಾಲು ದುರಸ್ತಿ ಖಾತೆಗೆ ನೇರ ಹೋಗಬೇಕು, ಆ ಖಾತೆಯಿಂದ ಬೇರೆ ಯಾವ ಖರ್ಚಿಗೂ ತೆಗೆಯಬಾರದು ಎಂದು ಸಂಘದ ನಿಯಮದಲ್ಲೇ ಬರೆಯಿರಿ. ಪ್ರತಿ ಮೇ ತಿಂಗಳು ಹೆಂಚು ಕೈಯಾಡಿಸಿ, ಮಾಡಿನ ನೀರು ಹಿಡಿಯುವ ದೋಣಿ, ಚರಂಡಿ ಶುಚಿ ಮಾಡಿ, ತೊಲೆಯ ತುದಿಗಳನ್ನು ಮತ್ತೆ ಚುಚ್ಚಿ ನೋಡಿ. ಎರಡು ವರ್ಷಕ್ಕೊಮ್ಮೆ ಸುಣ್ಣ. ಉಳಿದ ಹಳೇ ಹೆಂಚು, ಕಿಟಕಿಯ ಸರಳು, ಬಾಗಿಲ ಕೀಲುಗಳನ್ನು ಮಾರಬೇಡಿ. ಯಾವ ಭಾಗದ್ದು ಎಂದು ಚೀಟಿ ಕಟ್ಟಿ ಬಣ್ಣದ ಕೋಣೆಯ ಪಕ್ಕ ಒಂದು ರ‍್ಯಾಕಿನಲ್ಲಿ ಜೋಡಿಸಿಡಿ. ನಕ್ಷೆ, ಫೋಟೋ, ಗಾರೆಯ ಹದ ಬರೆದ ಪುಸ್ತಕದ ಒಂದು ಪ್ರತಿ ಅಲ್ಲಿರಲಿ, ಇನ್ನೊಂದು ಊರಿನ ಗ್ರಂಥಾಲಯದಲ್ಲಿ.